ಪರ್ತ್‌ನ ಕನ್ನಡ ಅಪ್ಪ ಅಮ್ಮಂದಿರಿಗೆ: ಮಕ್ಕಳ ಫುಟಿ ಮತ್ತು ಪಾಲಿ ಫಾರ್ಮರ್

ಆತ್ಮೀಯ ಅಪ್ಪ ಅಮ್ಮಂದಿರೇ,

ಫುಟಿ (ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ನೋಂದಣಿ ಶುರುವಾಗುವ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಪ್ರತಿ ವರ್ಷ ಒಂದೇ ವಾದ. "ಅದೇನು ಆಟ ರೀ, ಮೈಮೇಲೆ ಬಿದ್ದು ಗುದ್ದಾಡೋದು. ಕ್ರಿಕೆಟ್ ಸಾಕು ನಮ್ಮ ಮಕ್ಕಳಿಗೆ" ಎಂದು ಒಬ್ಬರು. "ಇಲ್ಲೇ ಇರ್ತೀವಿ ಅಂದ್ಮೇಲೆ ಇಲ್ಲಿನ ಆಟ ಬೇಡ ಅಂದ್ರೆ ಹೇಗೆ? ಸೋಮವಾರ ಶಾಲೆಯಲ್ಲಿ ಎಲ್ಲರೂ ಅದೇ ಮಾತಾಡ್ತಾರೆ, ನಮ್ಮ ಹುಡುಗ ಸುಮ್ನೆ ಕೂರ್ಬೇಕಾ?" ಎಂದು ಇನ್ನೊಬ್ಬರು. ಆಮೇಲೆ ಯಾರೋ ಒಬ್ಬರು ಕೈಮುಗಿಯುವ ಇಮೋಜಿ ಹಾಕುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ನನಗೆ ಈ ಎರಡೂ ಮಾತು ಅರ್ಧರ್ಧ ಸರಿ ಅನಿಸುತ್ತದೆ. ನನ್ನ ಮಗ ಫುಟಿ ಆಡುತ್ತಾನೆ, ಮುಂದೆಯೂ ಆಡುತ್ತಾನೆ. ಆದರೆ ಆಟದ ಬಗ್ಗೆ ಇಲ್ಲಿ ಯಾರೂ ನಮಗೆ ಪೂರ್ತಿ ಹೇಳುವುದಿಲ್ಲ. ಹೊಗಳುವವರು ಪೆಟ್ಟಿನ ವಿಷಯ ಎತ್ತುವುದಿಲ್ಲ. ಬೇಡ ಎನ್ನುವವರಿಗೆ ಆಟವೇ ಗೊತ್ತಿಲ್ಲ. ಪೂರ್ತಿ ತಿಳಿಯಬೇಕು ಅಂದರೆ ಒಬ್ಬ ಮನುಷ್ಯನ ಬದುಕು ನೋಡಿದರೆ ಸಾಕು. ಅವರ ಹೆಸರು ನಿಮಗೆ ಆಗಲೇ ಗೊತ್ತು. ಏರ್‌ಪೋರ್ಟ್ ಕಡೆಯಿಂದ ಉತ್ತರದ ಬಡಾವಣೆಗಳಿಗೆ ಬರುವಾಗ ನಾವೆಲ್ಲ ಹಿಡಿಯುವ ದಾರಿ ಗ್ರಹಾಂ ಫಾರ್ಮರ್ ಫ್ರೀವೇ. ಅದರ ಸುರಂಗವನ್ನು ಇಲ್ಲಿನವರು ಪ್ರೀತಿಯಿಂದ 'ಪಾಲಿ ಪೈಪ್' ಎನ್ನುತ್ತಾರೆ. ಆ ಪಾಲಿ ಇವರೇ. ಗ್ರಹಾಂ 'ಪಾಲಿ' ಫಾರ್ಮರ್. ಚಿಕ್ಕವರಿದ್ದಾಗ ಗಿಳಿಯ ಹಾಗೆ ಒಂದೇ ಸಮ ಮಾತಾಡುತ್ತಿದ್ದರಂತೆ, ಅದಕ್ಕೆ ಆ ಅಡ್ಡಹೆಸರು.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಊರಿಂದ ಹೊಸದಾಗಿ ಬಂದವರು ಇದನ್ನು ರಗ್ಬಿ ಅಂದುಕೊಳ್ಳುತ್ತಾರೆ. ಅಲ್ಲ. ಇದು ಕ್ರಿಕೆಟ್ ಮೈದಾನದ ಆಟ. ಅದರ ಮೊದಲ ನಿಯಮಗಳನ್ನು 1859ರಲ್ಲಿ ಮೆಲ್ಬರ್ನ್‌ನಲ್ಲಿ ಬರೆದರು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು ಎನ್ನುವುದೂ ಅದರ ಹಿಂದಿನ ಒಂದು ಕಾರಣ. ಒಂದೊಂದು ತಂಡದಲ್ಲಿ 18 ಜನ. ಎರಡು ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದ ಸಂದಿಯಲ್ಲಿ ಹೋದರೆ 1. ಆಫ್‌ಸೈಡ್ ಅನ್ನುವುದೇ ಇಲ್ಲ. ಚೆಂಡನ್ನು ಎಸೆಯುವ ಹಾಗಿಲ್ಲ. ಒದೆಯಬೇಕು, ಇಲ್ಲವೇ ಒಂದು ಅಂಗೈಯಲ್ಲಿ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ಕಳಿಸಬೇಕು. ಇದಕ್ಕೆ ಹ್ಯಾಂಡ್‌ಬಾಲ್ ಎನ್ನುತ್ತಾರೆ. ಈ ಹ್ಯಾಂಡ್‌ಬಾಲ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫಾರ್ಮರ್ ಹುಟ್ಟಿದ್ದು 1935ರ ಮಾರ್ಚ್ 10ರಂದು, ಫ್ರೀಮ್ಯಾಂಟಲ್ ಕಡೆ. ತಾಯಿ ನೂಂಗಾರ್ ಸಮುದಾಯದವರು. ಶಾಲೆಯ ಅಸೆಂಬ್ಲಿಯಲ್ಲಿ ಪ್ರತಿ ಸಲ 'ಈ ನೆಲ ವಜುಕ್ ನೂಂಗಾರ್ ಜನರದ್ದು' ಎಂದು ಹೇಳುತ್ತಾರಲ್ಲ, ಅದೇ ನೂಂಗಾರ್. ಆಗಿನ ಕಾನೂನಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳಿಗೆಲ್ಲ ಪೋಷಕ ಒಬ್ಬ ಸರ್ಕಾರಿ ಅಧಿಕಾರಿ. ಹೆತ್ತವರಲ್ಲ! ಮೈಬಣ್ಣ ಸ್ವಲ್ಪ ತಿಳಿಯಾಗಿರುವ ಮಕ್ಕಳನ್ನು ಬೇರೆ ಇಟ್ಟು ಬೆಳೆಸಿದರೆ ಅವರು ಬಿಳಿಯರಲ್ಲಿ ಬೆರೆತುಹೋಗುತ್ತಾರೆ, ಇನ್ನೆರಡು ತಲೆಮಾರಿಗೆ ಗುರುತೇ ಉಳಿಯುವುದಿಲ್ಲ ಎನ್ನುವುದು ಸರ್ಕಾರದ ಲೆಕ್ಕಾಚಾರ. ಅಂಥ ಮಕ್ಕಳಿಗಾಗಿ ಕ್ವೀನ್ಸ್ ಪಾರ್ಕ್‌ನಲ್ಲಿ ಇದ್ದ ಆಶ್ರಮ ಸಿಸ್ಟರ್ ಕೇಟ್ಸ್. ಗ್ರಹಾಂ ಬೆಳೆದದ್ದು ಅಲ್ಲೇ. ಕ್ಯಾನಿಂಗ್ಟನ್ ಕಡೆ ಮನೆ ಮಾಡಿರುವವರಿಗೆ ಆ ಜಾಗ ಕೂಗಳತೆ ದೂರ.

ಇದರ ಮೇಲೆ ಪೋಲಿಯೋ. ಎಡಗಾಲು ಬಲಗಾಲಿಗಿಂತ ಸ್ವಲ್ಪ ಗಿಡ್ಡವಾಗಿ ಉಳಿಯಿತು. ಅಪ್ಪ ಅಮ್ಮ ಹತ್ತಿರ ಇಲ್ಲ, ಕಾಲು ಸರಿ ಇಲ್ಲ, ಊರಿಗೆ ಇವನ ಜನ ಬೇಡ. ಅಂಥ ಹುಡುಗನಿಗೆ ಆಶ್ರಮದ ಅಂಗಳದಲ್ಲಿ ಸಿಕ್ಕಿದ್ದು ಒಂದು ಚೆಂಡು. ಮುಂದಿನದನ್ನು ಹೇಳುವಾಗ ಸಿನಿಮಾ ಕಥೆ ಥರ ಕೇಳಿಸಬಹುದು. ಆದರೆ ಅದರ ಹಿಂದೆ ಇದ್ದದ್ದು ತಾಲೀಮು, ಪವಾಡ ಅಲ್ಲ.

1953ರಲ್ಲಿ ಈಸ್ಟ್ ಪರ್ತ್ ಕ್ಲಬ್‌ನ ಮೊದಲ ತಂಡಕ್ಕೆ ಬಂದರು. ಆ ವರ್ಷವನ್ನು ಸ್ವಲ್ಪ ಗಮನಿಸಿ. 1927ರಿಂದ 1954ರವರೆಗೆ ಪರ್ತ್ ನಗರದ ನಡುಭಾಗ ಮೂಲನಿವಾಸಿಗಳಿಗೆ ನಿಷೇಧಿತ ಪ್ರದೇಶ. ಪಾಸ್ ಇಲ್ಲದೆ ಕಾಲಿಡುವ ಹಾಗಿರಲಿಲ್ಲ. ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ ನೂಂಗಾರ್ ತಾಯಿಯ ಮಗನ ಆಟ ನೋಡಲು ಜನ ದುಡ್ಡು ಕೊಟ್ಟು ಮೈದಾನ ತುಂಬುತ್ತಿದ್ದರು. ಚಪ್ಪಾಳೆ ಹೊಡೆಯುವುದಕ್ಕೆ ಅಡ್ಡಿಯಿಲ್ಲ, ಪೇಟೆಗೆ ಬಿಡುವುದಕ್ಕೆ ಮಾತ್ರ ಕಾಗದ ಬೇಕು. ನಮಗೆ ಇದು ಹೊಸದಲ್ಲ ಬಿಡಿ. ಊರಿನಲ್ಲಿ ಎಂಥೆಂಥ ಗಡಿಗಳನ್ನು ನೋಡಿಕೊಂಡೇ ಬೆಳೆದವರು ನಾವು.

ಅವರು ಆಡುತ್ತಿದ್ದದ್ದು ರಕ್‌ಮನ್ ಆಗಿ. ಆಗೆಲ್ಲ ಆಟ ಶುರುವಾಗುವಾಗ, ಪ್ರತಿ ಗೋಲ್ ಆದಮೇಲೆ ಅಂಪೈರ್ ಚೆಂಡನ್ನು ನಡುಮೈದಾನದಲ್ಲಿ ನೆಲಕ್ಕೆ ಬಡಿದು ಮೇಲೆ ಚಿಮ್ಮಿಸುತ್ತಿದ್ದರು. ಎರಡೂ ತಂಡದ ಎತ್ತರದ ಆಳುಗಳು ಓಡಿಬಂದು ಹಾರುತ್ತಿದ್ದರು. ಅವರೇ ರಕ್‌ಮನ್‌ಗಳು. ಕೆಳಗೆ ಚುರುಕಾದ ಸಣ್ಣ ಆಳು ಕಾಯುತ್ತಿರುತ್ತಿದ್ದ. ಅವನು ರೋವರ್. ಫಾರ್ಮರ್‌ಗಿಂತ ಮುಂಚೆ ರಕ್‌ಮನ್ ಎಂದರೆ ಸಿಕ್ಕ ಕಡೆ ಚೆಂಡಿಗೆ ಗುದ್ದುವವನು. ಬಿದ್ದದ್ದು ಯಾರ ಪುಣ್ಯವೋ ಅವರಿಗೆ. ಫಾರ್ಮರ್ 191 ಸೆಂಟಿಮೀಟರ್ ಎತ್ತರ. ಈಗಿನ ರಕ್‌ಮನ್‌ಗಳ ಪಕ್ಕ ನಿಲ್ಲಿಸಿದರೆ ಗಿಡ್ಡವೇ. ಅವರು ಮಾಡಿದ್ದು ಏನೆಂದರೆ ಎದುರಾಳಿಗಿಂತ ಒಂದು ಗಳಿಗೆ ಮುಂಚೆ ಹಾರುವುದು. ಮೊದಲು ಹಾರಿದವನ ಮೈ ಮೇಲಿರುತ್ತದೆ, ತಡವಾಗಿ ಹಾರಿದವನು ಅವನ ಕೆಳಗೇ ಉಳಿಯುತ್ತಾನೆ. ಮೇಲಿದ್ದುಕೊಂಡು ಚೆಂಡನ್ನು ಗುದ್ದುತ್ತಿರಲಿಲ್ಲ. ಅಂಗೈಯಿಂದ ತಟ್ಟಿ ತಮ್ಮ ರೋವರ್ ಓಡುತ್ತಿರುವ ದಿಕ್ಕಿಗೆ ಇಳಿಸುತ್ತಿದ್ದರು. ಎಷ್ಟೋ ಸಲ ಗಾಳಿಯಲ್ಲೇ ಹಿಡಿದು, ಕಾಲು ನೆಲ ಮುಟ್ಟುವುದರೊಳಗೆ ಹ್ಯಾಂಡ್‌ಬಾಲ್ ಹೊಡೆದು ಕಳಿಸಿರುತ್ತಿದ್ದರು.

ಆ ಹ್ಯಾಂಡ್‌ಬಾಲ್ ವಿಷಯಕ್ಕೆ ಬರೋಣ. ಆಗ ಅದು ಗತಿಯಿಲ್ಲದವನ ಕೆಲಸ. ನಾಲ್ಕು ಜನ ಮುತ್ತಿಕೊಂಡರೆ, ಒದೆಯಲು ಜಾಗ ಇಲ್ಲದಿದ್ದರೆ ಪಕ್ಕದವನಿಗೆ ದಾಟಿಸು, ಅಷ್ಟೇ. ಫಾರ್ಮರ್ ಅದನ್ನು ದೂರಕ್ಕೆ, ಗುರಿಯಿಟ್ಟು, ಓಡುತ್ತಿರುವ ಜೊತೆಗಾರನ ಎದೆಗೆ ಮುಟ್ಟುವ ಹಾಗೆ ಹೊಡೆಯತೊಡಗಿದರು. ಕಾರು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನಿಲ್ಲಿಸಿದ ಕಾರುಗಳ ತೆರೆದ ಕಿಟಕಿಯೊಳಗೆ ಚೆಂಡು ತೂರಿಸಿ ಅಭ್ಯಾಸ ಮಾಡುತ್ತಿದ್ದರು ಎನ್ನುವ ಕಥೆ ಇಲ್ಲಿನ ಹಳಬರ ಬಾಯಲ್ಲಿ ಇವತ್ತಿಗೂ ಇದೆ. ಎಡಗೈಯಿಂದಲೂ ಬಲಗೈಯಿಂದಲೂ. ಕಿಟಕಿಯ ಅಂಚಿಗೆ ತಾಗಿದರೆ ಯಜಮಾನರು ಏನೆನ್ನುತ್ತಿದ್ದರೋ!

ಇದರಿಂದ ಆಟದ ವೇಗವೇ ಬದಲಾಯಿತು. ಇವತ್ತು ಟಿವಿ ಹಾಕಿ ಎಎಫ್‌ಎಲ್‌ನ (ಈ ಆಟದ ದೇಶದ ದೊಡ್ಡ ಲೀಗ್) ಯಾವ ಪಂದ್ಯ ನೋಡಿದರೂ ಚೆಂಡು ಕೈಯಿಂದ ಕೈಗೆ ಸರಸರ ಹೋಗುವುದು ಕಾಣುತ್ತದೆ. ಈ ದಾರಿ ತೋರಿಸಿದ್ದು ಪರ್ತ್‌ನ ಹುಡುಗ. 1970ರ ಮೆಲ್ಬರ್ನ್ ಗ್ರ್ಯಾಂಡ್ ಫೈನಲ್‌ನಲ್ಲಿ 1,21,696 ಜನರ ಮುಂದೆ ಕಾರ್ಲ್‌ಟನ್ ಅರ್ಧ ಆಟಕ್ಕೆ 44 ಪಾಯಿಂಟ್ ಹಿಂದೆ ಇತ್ತು. ಕೋಚ್ ರಾನ್ ಬರಾಸಿ ಹ್ಯಾಂಡ್‌ಬಾಲ್ ಮಾಡಿ ಎಂದು ಹುಡುಗರನ್ನು ಕಳಿಸಿ, 10 ಪಾಯಿಂಟ್‌ನಿಂದ ಗೆದ್ದದ್ದು ದೊಡ್ಡ ಕಥೆ. ಅದನ್ನು ಹೇಳುವಾಗ ಫಾರ್ಮರ್ ಹೆಸರು ಎಲ್ಲರೂ ತೆಗೆಯುವುದಿಲ್ಲ. ಮೆಲ್ಬರ್ನ್‌ನವರಿಗೆ ಎಲ್ಲವೂ ಅಲ್ಲೇ ಹುಟ್ಟಿದ್ದು ಎನ್ನುವ ಭ್ರಮೆ ಸ್ವಲ್ಪ ಜಾಸ್ತಿ.

ಈಸ್ಟ್ ಪರ್ತ್ 1956ರಿಂದ 1961ರವರೆಗೆ ಆರು ವರ್ಷ ಬಿಡದೆ ಗ್ರ್ಯಾಂಡ್ ಫೈನಲ್ ತಲುಪಿತು. 1956, 1958, 1959ರಲ್ಲಿ ಗೆದ್ದಿತು. ಈ ರಾಜ್ಯದ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಸ್ಯಾಂಡೋವರ್ ಮೆಡಲ್ 1956ರಲ್ಲೂ 1960ರಲ್ಲೂ ಫಾರ್ಮರ್‌ಗೆ ಬಂತು. 1957ರದ್ದು ಟೈ ಆಗಿ ಕೈತಪ್ಪಿತ್ತು. ಎಷ್ಟೋ ವರ್ಷ ಆದಮೇಲೆ ಲೀಗ್‌ನವರು ಅದನ್ನೂ ಕೊಟ್ಟರು.

1962ರಲ್ಲಿ ವಿಕ್ಟೋರಿಯಾದ ಜೀಲಾಂಗ್ ತಂಡಕ್ಕೆ ಹೋದರು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು, ಆ ಸೀಸನ್ ಹೆಚ್ಚುಕಡಿಮೆ ಹಾಳು. ಮರುವರ್ಷ ಬಾಬ್ ಡೇವಿಸ್ ಕೋಚ್, ಬಿಲ್ ಗಾಗಿನ್ ರೋವರ್. ಫಾರ್ಮರ್ ಮೇಲಿನಿಂದ ಇಳಿಸುವುದು, ಗಾಗಿನ್ ಓಡುತ್ತಲೇ ಎತ್ತಿಕೊಳ್ಳುವುದು. 1963ರ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ತಂಡವನ್ನು 49 ಪಾಯಿಂಟ್‌ನಿಂದ ಸೋಲಿಸಿದರು. ಆಮೇಲೆ ಕ್ಯಾಪ್ಟನ್ ಆದರು. 1967ರ ಗ್ರ್ಯಾಂಡ್ ಫೈನಲ್‌ನಲ್ಲಿ ರಿಚ್ಮಂಡ್ ಎದುರು 9 ಪಾಯಿಂಟ್‌ನಿಂದ ಸೋತರು. ವಿಕ್ಟೋರಿಯಾದಲ್ಲಿ ಅದೇ ಅವರ ಕೊನೆಯ ಪಂದ್ಯ. ಅದೇ ವರ್ಷ ಮೇ 27ರಂದು ದೇಶದಲ್ಲಿ ಜನಮತ ನಡೆಯಿತು. ಜನಗಣತಿಯ ಲೆಕ್ಕದಲ್ಲಿ ಮೂಲನಿವಾಸಿಗಳನ್ನೂ ಸೇರಿಸಬೇಕು ಎಂದು ಜನ ಮತ ಹಾಕಿದರು. ಅಂದರೆ ಪಾಲಿ ಫಾರ್ಮರ್ ದೊಡ್ಡ ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದಾಗ ಅವರ ಜನ ದೇಶದ ತಲೆಲೆಕ್ಕದಲ್ಲೇ ಇರಲಿಲ್ಲ.

ಊರಿಗೆ ಮರಳಿದರು. ಬಂದದ್ದು ಹಳೆಯ ಈಸ್ಟ್ ಪರ್ತ್‌ಗೆ ಅಲ್ಲ, ಪಕ್ಕದ ವೆಸ್ಟ್ ಪರ್ತ್‌ಗೆ. ಅಲ್ಲಿ ಆಡುತ್ತಲೇ ಕೋಚ್. 1969ರಲ್ಲೂ 1971ರಲ್ಲೂ ಪ್ರೀಮಿಯರ್‌ಶಿಪ್ ಗೆದ್ದರು, ಎರಡೂ ಸಲ ಎದುರಿಗೆ ಇದ್ದದ್ದು ಅದೇ ಈಸ್ಟ್ ಪರ್ತ್! ಈಸ್ಟ್ ಪರ್ತ್‌ನ ಅಭಿಮಾನಿಗಳ ಹೊಟ್ಟೆ ಎಷ್ಟು ಉರಿದಿರಬೇಡ. 1973ರಿಂದ 1975ರವರೆಗೆ ಜೀಲಾಂಗ್‌ಗೆ ಕೋಚ್ ಆದರು. ಆ ಲೀಗ್‌ನಲ್ಲಿ ಕೋಚ್ ಆದ ಮೊದಲ ಮೂಲನಿವಾಸಿ ಅವರೇ. ಗೆಲುವು ಜಾಸ್ತಿ ಸಿಗಲಿಲ್ಲ, ಆ ಮೂರು ವರ್ಷದ ಬಗ್ಗೆ ಹೇಳುವುದೂ ಜಾಸ್ತಿ ಇಲ್ಲ.

ಆದರೆ 1977ರ ಅಕ್ಟೋಬರ್ 8ರ ಬಗ್ಗೆ ಹೇಳಲೇಬೇಕು. ಅಲ್ಲಿಯವರೆಗೆ ಪಶ್ಚಿಮದ ಒಳ್ಳೆಯ ಆಟಗಾರರು ದುಡ್ಡಿಗಾಗಿ ಮೆಲ್ಬರ್ನ್‌ಗೆ ಹೋದರೆ ವಿಕ್ಟೋರಿಯಾ ಪರವಾಗಿ ಆಡಿ ನಮ್ಮನ್ನೇ ಸೋಲಿಸುತ್ತಿದ್ದರು. (ನೋಡಿ, 'ನಮ್ಮನ್ನೇ' ಎಂದು ಬರೆದುಬಿಟ್ಟೆ. ಇಲ್ಲಿ ಇದ್ದೂ ಇದ್ದೂ ಹೀಗಾಗುತ್ತದೆ.) ಎಲ್ಲಿ ಆಡುತ್ತೀಯೋ ಆ ರಾಜ್ಯ ಅಲ್ಲ, ಎಲ್ಲಿಂದ ಬಂದೆಯೋ ಆ ರಾಜ್ಯದ ಪರ ಆಡು ಎನ್ನುವ ಹೊಸ ನಿಯಮದ ಮೊದಲ ಪಂದ್ಯ ಸುಬಿಯಾಕೋ ಮೈದಾನದಲ್ಲಿ ಆಯಿತು. ಪಶ್ಚಿಮದ ಕೋಚ್ ಫಾರ್ಮರ್. ವಿಕ್ಟೋರಿಯಾ 94 ಪಾಯಿಂಟ್‌ನಿಂದ ಸೋತಿತು. ಇಲ್ಲಿನ ಹಿರಿಯರ ಹತ್ತಿರ ಆ ದಿನದ ಮಾತೆತ್ತಿ ನೋಡಿ, ಚಹಾ ಆರುವವರೆಗೂ ನಿಲ್ಲಿಸುವುದಿಲ್ಲ.

ಮೂರು ಕ್ಲಬ್‌ಗಳಲ್ಲಿ ಸೇರಿ 356 ಪಂದ್ಯ. ರಾಜ್ಯ ತಂಡಗಳ ಪಂದ್ಯ ಬೇರೆ. 1996ರಲ್ಲಿ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ ಸಾಲಿನ 'ಲೆಜೆಂಡ್'ಗಳಲ್ಲಿ ಇವರ ಹೆಸರು. 2005ರಲ್ಲಿ ಆರಿಸಿದ ಮೂಲನಿವಾಸಿಗಳ ಶತಮಾನದ ತಂಡಕ್ಕೆ ಇವರೇ ಕ್ಯಾಪ್ಟನ್. ಮೂಲನಿವಾಸಿ ಮಕ್ಕಳ ಓದಿಗೆ ನೆರವಾಗಲು ಅವರ ಹೆಸರಿನ ಫೌಂಡೇಶನ್ ತೊಂಬತ್ತರ ದಶಕದಿಂದ ಕೆಲಸ ಮಾಡುತ್ತಿದೆ. ಕ್ರೀಡೆಯಲ್ಲಿ ಹೆಸರು ಮಾಡಿದವರ ಫೌಂಡೇಶನ್ ಆಟ ಕಲಿಸದೆ ಪಾಠ ಹೇಳಿಸುವುದು ನನಗೆ ತುಂಬಾ ಹಿಡಿಸಿತು. ನಮ್ಮವರಿಗೂ ಹಿಡಿಸುತ್ತದೆ, ಗೊತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಮಕ್ಕಳನ್ನು ಫುಟಿಗೆ ಸೇರಿಸಿ ಎಂದು ಹೇಳುವ ಚಂದದ ಕಥೆ ಆಗುತ್ತಿತ್ತು. ಆಶ್ರಮದ ಹುಡುಗನಿಗೆ ಆಟ ಊರು ಕೊಟ್ಟಿತು, ಹೆಸರು ಕೊಟ್ಟಿತು, ಕೊನೆಗೆ ರಸ್ತೆಗೇ ಹೆಸರಾದ. ಭಾಷಣಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಕೊನೆಯ ವರ್ಷಗಳಲ್ಲಿ ಅವರಿಗೆ ನೆನಪು ಹೋಗುತ್ತಾ ಬಂತು. ಆಲ್ಝೈಮರ್ ಎಂದರು ಡಾಕ್ಟರರು. 2019ರ ಆಗಸ್ಟ್ 14ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮನೆಯವರು ಅವರ ಮೆದುಳನ್ನು ಸಂಶೋಧನೆಗೆ ಕೊಟ್ಟರು. ಸಿಡ್ನಿಯಲ್ಲಿ ಆಟಗಾರರ ಮೆದುಳುಗಳನ್ನು ಪರೀಕ್ಷಿಸುವ ಆಸ್ಟ್ರೇಲಿಯನ್ ಸ್ಪೋರ್ಟ್ಸ್ ಬ್ರೇನ್ ಬ್ಯಾಂಕ್ ಇದೆ. 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಹೇಳಿದರು: ಫಾರ್ಮರ್‌ಗೆ ಸಿಟಿಇ ಇತ್ತು. ಈ ಆಟದ ದೊಡ್ಡ ಲೀಗ್‌ನ ಆಟಗಾರರೊಬ್ಬರಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು.

ಸಿಟಿಇ ಅಂದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಮೆದುಳಿನ ಕಾಯಿಲೆ. ಟೌ ಎಂಬ ಪ್ರೋಟೀನ್ ಕೆಟ್ಟು, ಮೆದುಳಿನ ಮಡಿಕೆಗಳ ಆಳದಲ್ಲಿ ಸಣ್ಣ ರಕ್ತನಾಳಗಳ ಸುತ್ತ ಗಂಟುಕಟ್ಟುತ್ತದೆ. ಮನುಷ್ಯ ಬದುಕಿರುವಾಗ ಖಚಿತವಾಗಿ ಕಂಡುಹಿಡಿಯಲು ಆಗುವುದಿಲ್ಲ. ಸತ್ತಮೇಲೆ ಮೆದುಳನ್ನು ಕತ್ತರಿಸಿ ನೋಡಿದಾಗಲೇ ಗೊತ್ತಾಗುವುದು. ಇನ್ನೊಂದು ವಿಷಯ, ಪ್ರಜ್ಞೆ ತಪ್ಪುವಂಥ ದೊಡ್ಡ ಪೆಟ್ಟೇ ಆಗಬೇಕು ಅಂತಿಲ್ಲ. ಆಡುತ್ತಾ ಆಡುತ್ತಾ ಬೀಳುವ ಸಣ್ಣ ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಸೇರಿದರೂ ಸಾಕು. ಫಾರ್ಮರ್ ಕಾಲದ ರಕ್‌ಮನ್‌ಗಳು ಎರಡೂ ಕಡೆಯಿಂದ ದೂರದಿಂದ ಓಡಿಬಂದು ಗಾಳಿಯಲ್ಲಿ ಡಿಕ್ಕಿ ಹೊಡೆಯುತ್ತಿದ್ದರು. ಎರಡು ದಶಕ ಅದೇ ಕೆಲಸ. ಅವರನ್ನು ದೊಡ್ಡವರನ್ನಾಗಿ ಮಾಡಿದ್ದೂ ಆ ಜಿಗಿತವೇ ಎಂಬುದನ್ನು ಯೋಚಿಸಿದರೆ ಸಂಕಟವಾಗುತ್ತದೆ.

ಆಡಿದವರಿಗೆಲ್ಲ ಇದು ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬರುವುದಿಲ್ಲ. ಆದರೆ ಫಾರ್ಮರ್ ನಂತರ ಅದೇ ಲೀಗ್‌ನ ಆಟಗಾರ ಡ್ಯಾನಿ ಫ್ರಾಲಿ ಅವರಲ್ಲಿ ಸಿಕ್ಕಿತು. ಶೇನ್ ಟಕ್ ಅವರಲ್ಲಿ ಸಿಕ್ಕಿತು. ತೀರಿಕೊಂಡಾಗ ಅವರಿಗೆ ಬರೀ 38 ವರ್ಷ. 2023ರಲ್ಲಿ ಹೆದರ್ ಆಂಡರ್ಸನ್ ಹೆಸರು ಬಂತು. 2017ರಲ್ಲಿ ಅಡಿಲೇಡ್ ಪರ ಮಹಿಳಾ ಲೀಗ್ ಗೆದ್ದ ತಂಡದಲ್ಲಿದ್ದ ಹುಡುಗಿ, ಸೇನೆಯಲ್ಲಿ ವೈದ್ಯಕೀಯ ಸಿಬ್ಬಂದಿ. ತೀರಿಕೊಂಡಾಗ 28. ವೃತ್ತಿಪರ ಆಟಗಾರ್ತಿಯೊಬ್ಬರಲ್ಲಿ ಸಿಟಿಇ ಪತ್ತೆಯಾದದ್ದು ಜಗತ್ತಿನಲ್ಲೇ ಅದು ಮೊದಲು. ದೃಷ್ಟಿ ಮಂದವಾಗಿದ್ದ ಅಮ್ಮನಿಗೆ ಮೈದಾನದಲ್ಲಿ ತಾನು ಕಾಣಲಿ ಎಂದು ಆಕೆ ಗಾಢ ಗುಲಾಬಿ ಬಣ್ಣದ ಹೆಲ್ಮೆಟ್ ಹಾಕಿಕೊಂಡು ಆಡುತ್ತಿದ್ದಳು.

ಹೆಲ್ಮೆಟ್ ಮಾತು ಬಂದದ್ದು ಒಳ್ಳೆಯದಾಯಿತು. "ಹೆಲ್ಮೆಟ್ ಕೊಡಿಸ್ತೀವಿ, ಆಗ ಏನೂ ಆಗಲ್ಲ ಅಲ್ವಾ?" ಎಂದು ಗುಂಪಿನಲ್ಲಿ ಕೇಳಿದವರಿಗೆ ಉತ್ತರ: ಫುಟಿಯ ಮೆತ್ತನೆಯ ಹೆಲ್ಮೆಟ್ ಗೀರು, ಗಾಯ ತಡೆಯಬಹುದು. ಕನ್ಕಶನ್, ಅಂದರೆ ಪೆಟ್ಟಿನಿಂದ ಮೆದುಳಿಗೆ ಆಗುವ ಆಘಾತ, ತಡೆಯುವುದಿಲ್ಲ. ತಲೆ ಥಟ್ಟನೆ ನಿಂತಾಗ ಒಳಗಿರುವ ಮೆದುಳು ಅಲುಗಾಡುತ್ತದೆ, ಅದಕ್ಕೆ ಹೊರಗಿನ ಸ್ಪಂಜು ಏನು ಮಾಡೀತು?

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ಕ್ಲಬ್ ಯಾವುದು ಎಂದು ಕೇಳಬೇಡಿ. ಜೂನಿಯರ್ ಪಂದ್ಯವೊಂದರಲ್ಲಿ ನನ್ನ ಮಗ ಇನ್ನೊಬ್ಬ ಹುಡುಗನಿಗೆ ತಲೆ ಡಿಕ್ಕಿ ಹೊಡೆದು ಬಿದ್ದ. ಎದ್ದ, ಆದರೆ ಎದುರಾಳಿ ತಂಡದ ಬೆಂಚಿನ ಕಡೆ ನಡೆಯತೊಡಗಿದ. ಅಲ್ಲಿದ್ದ ಒಬ್ಬ ಸ್ವಯಂಸೇವಕರು ಎರಡು ಬೆರಳು ತೋರಿಸಿ "ಎಷ್ಟು?" ಎಂದರು. ಇವನು "ಎರಡು" ಎಂದ. "ಸರಿ ಇದಾನೆ, ಆಡ್ಲಿ" ಎಂದು ಮತ್ತೆ ಒಳಗೆ ಕಳಿಸಿದರು. ಪಕ್ಕದಲ್ಲಿ ನಿಂತಿದ್ದ ನಮ್ಮವರೇ ಒಬ್ಬರು, "ಗಂಡು ಹುಡುಗ ಬಿಡಿ, ಏನಾಗಲ್ಲ" ಎಂದರು. ನಾನು ಮೈದಾನಕ್ಕೆ ನುಗ್ಗಿ ಕರೆದುಕೊಂಡು ಬಂದೆ. ಅಂಪೈರ್ ಆಗಿದ್ದ ಹದಿಹರೆಯದ ಹುಡುಗನಿಗೆ ಗಾಬರಿ. ಮಗನಿಗೆ ನನ್ನ ಮೇಲೆ ಸಿಟ್ಟು. ಮನೆಗೆ ಬರುವಷ್ಟರಲ್ಲಿ ಕಾರಿನಲ್ಲಿ ವಾಂತಿ. ಡಾಕ್ಟರ್ ನೋಡಿ ಕನ್ಕಶನ್ ಎಂದರು.

ಆ ಸ್ವಯಂಸೇವಕರ ಮೇಲೆ ನನಗೆ ಕೋಪ ಇಲ್ಲ. ಅವರೂ ನಮ್ಮ ಹಾಗೆ ಒಬ್ಬ ಅಪ್ಪ, ಸಂಬಳ ಇಲ್ಲದೆ ಭಾನುವಾರ ಬೆಳಿಗ್ಗೆ ಎದ್ದು ಬಂದವರು. ಆದರೆ ಬೆರಳು ಎಣಿಸುವುದು ಪರೀಕ್ಷೆಯೇ ಅಲ್ಲ. ಕನ್ಕಶನ್ ಆದ ಹುಡುಗ ಸರಿಯಾಗಿಯೇ ಎಣಿಸಬಲ್ಲ. ಪ್ರಜ್ಞೆ ತಪ್ಪಿರಲೇಬೇಕು ಅಂತಲೂ ಇಲ್ಲ. ತಲೆನೋವು, ಮಂಪರು, ವಾಕರಿಕೆ, ಬೆಳಕು ಚುಚ್ಚುವುದು, ಸುಮ್ಮಸುಮ್ಮನೆ ರೇಗುವುದು, ಕೇಳಿದ್ದನ್ನೇ ಕೇಳುವುದು, ಇವು ಗಂಟೆಗಳ ನಂತರವೂ ಶುರುವಾಗಬಹುದು. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಲೇ ಹೋದರೆ, ಕುತ್ತಿಗೆ ನೋವು ಎಂದರೆ, ಫಿಟ್ಸ್ ಬಂದರೆ ಗುಂಪಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ. ತುರ್ತು ಸಂಖ್ಯೆ 000ಗೆ ಫೋನ್ ಮಾಡಿ.

ಇಲ್ಲಿನ ನಿಯಮ ಈಗ ಸ್ಪಷ್ಟವಾಗಿದೆ. ಅನುಮಾನ ಬಂದರೂ ಸಾಕು, ಆ ದಿನ ಮಗು ಮತ್ತೆ ಆಡುವ ಹಾಗಿಲ್ಲ. 2024ರಿಂದ ಸ್ಥಳೀಯ ಫುಟಿಯಲ್ಲಿ ಕನ್ಕಶನ್ ಆದವರು ಕನಿಷ್ಠ 21 ದಿನ ಪಂದ್ಯ ಆಡುವಂತಿಲ್ಲ. ಲಕ್ಷಣಗಳೆಲ್ಲ ಹೋಗಿ 14 ದಿನ ಆಗುವವರೆಗೆ ಮೈಗೆ ಮೈ ತಾಗುವ ತರಬೇತಿಯೂ ಇಲ್ಲ. ವಿಚಿತ್ರ ಏನೆಂದರೆ ಎಎಫ್‌ಎಲ್‌ನ ವೃತ್ತಿಪರ ಆಟಗಾರರಿಗೆ ಇರುವುದು ಕನಿಷ್ಠ 12 ದಿನ. ಅಲ್ಲಿ ಡಾಕ್ಟರರು ಹತ್ತಿರವೇ ಇರುತ್ತಾರೆ ಎನ್ನುವುದು ಅವರ ವಾದ. ಇರಲಿ, ನಮಗೆ ಬೇಕಾದದ್ದು 21. ಶಾಲೆಯ ಪರೀಕ್ಷೆಗೆ ಹಾಜರಾತಿ ಲೆಕ್ಕ ಹಾಕುವ ಹಾಗೆ ಇದನ್ನೂ ಲೆಕ್ಕ ಹಾಕಿ. ಫೈನಲ್ ಇದೆ, ತಂಡಕ್ಕೆ ಜನ ಇಲ್ಲ ಎಂದು ಯಾರು ಬೇಡಿಕೊಂಡರೂ ಬಿಡಬೇಡಿ.

ಕ್ರಿಕೆಟ್ ಆದರೆ ಈ ರಗಳೆ ಇಲ್ಲ ಎನ್ನುವವರಿಗೂ ಒಂದು ಮಾತು. 2019ರಲ್ಲಿ ಲಾರ್ಡ್ಸ್‌ನಲ್ಲಿ ಆರ್ಚರ್ ಎಸೆತ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದದ್ದನ್ನು ನಾವೆಲ್ಲ ರಾತ್ರಿ ನಿದ್ದೆಗೆಟ್ಟು ನೋಡಿದ್ದೇವೆ. ಸ್ಮಿತ್ ಮತ್ತೆ ಬಂದು ಬ್ಯಾಟ್ ಮಾಡಿದರು, ಮರುದಿನ ಲಕ್ಷಣ ಕಾಣಿಸಿಕೊಂಡಿತು, ಬದಲಿಗೆ ಲಬುಶೇನ್ ಇಳಿದರು. ಪೆಟ್ಟು ಎಲ್ಲ ಆಟದಲ್ಲೂ ಇದೆ. ಫುಟಿಯಲ್ಲಿ ಜಾಸ್ತಿ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಚಿಕ್ಕ ಮಕ್ಕಳ ಫುಟಿ ಕಾರ್ಯಕ್ರಮ ಆಸ್‌ಕಿಕ್‌ನಲ್ಲಿ ಟ್ಯಾಕಲ್ (ಎದುರಾಳಿಯನ್ನು ಹಿಡಿದು ತಡೆಯುವುದು) ಇಲ್ಲ. ಓಡುವುದು, ಒದೆಯುವುದು, ಹಿಡಿಯುವುದು, ಆಮೇಲೆ ಸಾಸೇಜ್ ತಿನ್ನುವುದು. (ನಮ್ಮ ಮನೆಯಲ್ಲಿ ಬರೀ ಬ್ರೆಡ್ಡು, ಈರುಳ್ಳಿ.) ಅಷ್ಟಕ್ಕೆ ಹೆದರಬೇಕಾಗಿಲ್ಲ. ದೊಡ್ಡವರಾಗಿ ಟ್ಯಾಕಲ್ ಶುರುವಾಗುವ ವಯಸ್ಸಿನಲ್ಲಿ ಕೂತು ಮಾತಾಡಿ, ಮಗುವನ್ನೂ ಕೂರಿಸಿಕೊಂಡು.

ಈ ಪತ್ರವನ್ನು ಯಾರಾದರೂ ಎಎಫ್‌ಎಲ್‌ನವರಿಗೆ ಓದಿ ಹೇಳಿದರೆ ಅವರಿಗೂ ಎರಡು ಮಾತು. ತಲೆಪೆಟ್ಟಿನ ವಿಷಯದಲ್ಲಿ ನಿಮಗೆ ವರ್ಷಗಟ್ಟಲೆ ಸಲಹೆ ಕೊಟ್ಟ ತಜ್ಞರ ಬರಹಗಳಲ್ಲಿ ನಕಲು ಸಿಕ್ಕಿ ರಾದ್ಧಾಂತ ಆದದ್ದು 2022ರಲ್ಲಿ. ಸೆನೆಟ್ ಸಮಿತಿ ವರದಿ ಕೊಟ್ಟದ್ದು 2023ರಲ್ಲಿ. ಅದೇ ವರ್ಷ ಹಳೆಯ ಆಟಗಾರರು ಕೋರ್ಟಿಗೂ ಹೋದರು. ಹೊಸ ನಿಯಮಗಳು ಒಳ್ಳೆಯವು, ಆದರೆ ತಡವಾಗಿ ಬಂದವು. ಫಾರ್ಮರ್ ಅವರನ್ನು ನೆನೆಯುವಾಗ ಅವರ ಹ್ಯಾಂಡ್‌ಬಾಲ್‌ನ ವಿಡಿಯೋ ತೋರಿಸುತ್ತೀರಿ. ಅವರ ಮೆದುಳು ಏನು ಹೇಳಿತು ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿ. ಮನೆಯವರು ಅದನ್ನು ಮುಚ್ಚಿಡಲಿಲ್ಲ, ಊರಿಗೆಲ್ಲ ತಿಳಿಯಲಿ ಎಂದು ಕೊಟ್ಟರು. ಮೈದಾನದಲ್ಲಿ ಮಾಡಿದ್ದಕ್ಕಿಂತ ಆ ಕೊಡುಗೆ ಸಣ್ಣದು ಎಂದು ನನಗೆ ಅನಿಸುವುದಿಲ್ಲ.

ಇನ್ನು ನಮ್ಮ ಕೆಲಸ. ನೋಂದಣಿ ಮಾಡುವಾಗ ಹಣ ಕಟ್ಟಿ ಸುಮ್ಮನಾಗಬೇಡಿ. ಪಂದ್ಯದ ದಿನ ಪ್ರಥಮ ಚಿಕಿತ್ಸೆಗೆ ಯಾರು ಇರುತ್ತಾರೆ, ಕನ್ಕಶನ್ ತರಬೇತಿ ಆಗಿದೆಯಾ, ಮಗುವನ್ನು ಹೊರಗೆ ಕೂರಿಸುವ ತೀರ್ಮಾನ ಯಾರದ್ದು ಎಂದು ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎನ್ನುವ ಸಂಕೋಚ ನಮಗೆ ಜಾಸ್ತಿ. ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಕೇಳಿದ ಮೇಲೆ ನನ್ನನ್ನೇ ಕೋರ್ಸಿಗೆ ಕಳಿಸಿದರು. ಈಗ ಕಿತ್ತಳೆ ಹಣ್ಣು ಹೆಚ್ಚುವ ಡ್ಯೂಟಿ ಜೊತೆಗೆ ಪ್ರಥಮ ಚಿಕಿತ್ಸೆಯ ಚೀಲವೂ ನನ್ನ ಹೆಗಲಿಗೆ.

ಕನ್ಕಶನ್ ಲಕ್ಷಣಗಳು ಮತ್ತು 21 ದಿನದ ನಿಯಮವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸುತ್ತಿದ್ದೇನೆ. ಮೊಮ್ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಬರುವ ಅಜ್ಜ ಅಜ್ಜಿಯರಿಗೂ ಓದಲು ಆಗಬೇಕು. ನಮ್ಮ ಗುಂಪಿನಲ್ಲಿ ಡಾಕ್ಟರರು, ಫಿಸಿಯೋಗಳು ಬೇಕಾದಷ್ಟು ಜನ ಇದ್ದೀರಿ. ತಪ್ಪಿದ್ದರೆ ತಿದ್ದಿಕೊಡಿ. ಯುಗಾದಿ ಕಾರ್ಯಕ್ರಮದ ದಿನ ಊಟದ ಹಾಲ್ ಬಾಗಿಲಲ್ಲಿ ಹಂಚುತ್ತೇನೆ. ಪ್ರಿಂಟ್ ಖರ್ಚು ಯಾರಾದರೂ ಹಾಕಿಕೊಳ್ಳುವುದಾದರೆ ಬೇಡ ಅನ್ನುವುದಿಲ್ಲ.

ಇಂತಿ,
ನಿಮ್ಮವಳೇ ಒಬ್ಬ ಫುಟಿ ಅಮ್ಮ, ಪರ್ತ್